ಮನೇಲಿ ಎಷ್ಟು ಜನ ಇದ್ದೀರಿ?

ನನಗೆ ಟಿಬಿ ಇದೆ ಅಂತ ಗೊತ್ತಾದ ದಿನ, ಆರೋಗ್ಯ ಕೇಂದ್ರದ ಮೂಲೆಯ ಮೇಜಿನ ಹಿಂದೆ ಕೂತಿದ್ದ ಸಿಸ್ಟರ್ ಒಂದು ದೊಡ್ಡ ರಿಜಿಸ್ಟರ್ ತೆರೆದರು. ಪೆನ್ನಿನ ಮುಚ್ಚಳ ತೆಗೆದರು. ನನ್ನ ಹೆಸರು, ವಯಸ್ಸು, ತೂಕ ಬರೆದುಕೊಂಡರು. ಆಮೇಲೆ ತಲೆ ಎತ್ತಿ ಕೇಳಿದರು: "ಮನೇಲಿ ಎಷ್ಟು ಜನ ಇದ್ದೀರಿ ಸರ್?"

ನನಗೆ ಸಿಟ್ಟು ಬಂತು. ಕಾಯಿಲೆ ಬಂದಿರೋದು ನನಗೆ. ಎದೆ ನೋಯ್ತಿರೋದು ನನಗೆ. ಮನೆಯವರ ಲೆಕ್ಕ ಇವರಿಗ್ಯಾಕೆ ಅನಿಸಿತು. ಬಾಯಲ್ಲಿ ಮಾತ್ರ "ಐದು ಜನ" ಅಂದೆ. "ಚಿಕ್ಕ ಮಕ್ಕಳು?" ಅಂದರು. "ಅಣ್ಣನ ಮಗಳು ಇದಾಳೆ, ನಾಲ್ಕು ವರ್ಷ." ಅವರ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು. ನಂತರ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದರು.

ಆ ಗೆರೆ ಯಾಕೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅಲ್ಲಿಂದ ಶುರುವಾದ ಆರು ತಿಂಗಳನ್ನು ನೆನಪಿದ್ದ ಹಾಗೆ ಬರೆಯುತ್ತಿದ್ದೇನೆ.

ಶುರುವಾಗಿದ್ದು ಸುಮ್ನೆ ಒಂದು ಒಣಕೆಮ್ಮಿನಿಂದ. ಮೊದಲ ವಾರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ವಾರ ಒಬ್ಬ ಡಾಕ್ಟರ ಹತ್ತಿರ ಹೋದೆ, ಸಿರಪ್ ಕೊಟ್ಟರು. ಕಡಿಮೆಯಾಗಲಿಲ್ಲ. ಮತ್ತೆ ಹೋದೆ. ಈ ಸಲ ಆಂಟಿಬಯಾಟಿಕ್ ಬರೆದರು, ಐದು ದಿನದ್ದು. ಆಶ್ಚರ್ಯ ಅಂದರೆ ಅದಕ್ಕೆ ಸ್ವಲ್ಪ ವಾಸಿಯಾದ ಹಾಗಾಯಿತು. ಸಂಜೆ ಸಂಜೆ ಬರುತ್ತಿದ್ದ ಜ್ವರ ನಿಂತಿತು. ಹತ್ತು ದಿನ ಬಿಟ್ಟು ಎಲ್ಲವೂ ವಾಪಸ್ ಬಂತು, ಜೊತೆಗೆ ರಾತ್ರಿ ಬೆವರು. ಅಂಗಿ ಹಿಂಡುವಷ್ಟು ಬೆವರು. ತೂಕ ಇಳಿಯತೊಡಗಿತು. ಬೆಲ್ಟಿಗೆ ಹೊಸ ತೂತು ಮಾಡಿಸಿಕೊಂಡೆ, ಆದರೂ ಇದು ದೊಡ್ಡದೇನೋ ಇರಬಹುದು ಅಂತ ಹೊಳೆಯಲಿಲ್ಲ.

ಕೆಲವು ಆಂಟಿಬಯಾಟಿಕ್‌ಗಳು ಟಿಬಿಯನ್ನು ಪೂರ್ತಿ ಕೊಲ್ಲದೆ ನಾಲ್ಕು ದಿನ ಅಡಗಿಸಿಡುತ್ತವೆ ಅಂತ ನನಗೆ ತಿಳಿದದ್ದು ಆಮೇಲೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅನ್ನೋ ನಿಯಮ ಆರೋಗ್ಯ ಕೇಂದ್ರದ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ನಾನು ಆ ಗೋಡೆ ಮುಂದೆ ನಿಂತಿದ್ದು ಏಳನೇ ವಾರದಲ್ಲಿ. ಆ ಡಾಕ್ಟರನ್ನು ದೂರಿ ಈಗ ಏನೂ ಆಗಬೇಕಿಲ್ಲ. ಆದರೆ ಕೆಮ್ಮು ಎರಡು ವಾರ ದಾಟಿದವರನ್ನು ಕಂಡರೆ, ಗುರುತಿಲ್ಲದಿದ್ದರೂ ಸರಿ, ಈಗ ನಾನು ಸುಮ್ಮನೆ ಇರುವುದಿಲ್ಲ.

ಕಫ ಕೊಡುವುದು ಒಂದು ಕೆಲಸ ಅಂತ ಅಲ್ಲಿವರೆಗೆ ನನಗೆ ಗೊತ್ತಿರಲಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ತಿರುಗಿಸಿ ಬಿಗಿಯುವ ಮುಚ್ಚಳ. "ಉಗುಳು ಬೇಡ ಸರ್, ಕಫ ಬೇಕು. ಬೆಳಗ್ಗೆ ಎದ್ದ ಕೂಡಲೇ, ಹೊರಗೆ ಬಯಲಲ್ಲಿ ನಿಂತ್ಕೊಂಡು ತೆಗೀರಿ. ಯಾರೂ ಹತ್ತಿರ ಇರಬಾರ್ದು" ಅಂದರು. ಎರಡು ಸಲ ಉಸಿರು ಎಳೆದು ಹಿಡಿದು ಬಿಡಬೇಕು, ಮೂರನೇ ಸಲ ಎದೆಯ ತಳದಿಂದ ಕೆಮ್ಮಬೇಕು. ಮೊದಲನೇ ದಿನ ನಾನು ಕೊಟ್ಟಿದ್ದು ಬರೀ ಉಗುಳು. ಲ್ಯಾಬಿನವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಡಬ್ಬಿ ಕೊಟ್ಟು, ಇನ್ನೊಮ್ಮೆ ತೋರಿಸಿಕೊಟ್ಟರು. ಮುಖ ಸಿಂಡರಿಸಲಿಲ್ಲ, ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಆ ತಾಳ್ಮೆ ನನಗೆ ಈಗಲೂ ನೆನಪಿದೆ. ಆ ಡಬ್ಬಿಯಲ್ಲಿ ಸರಿಯಾದ ಕಫ ಇರದಿದ್ದರೆ ರೋಗ ಇದ್ದೂ ಇಲ್ಲ ಅಂತ ಬರುತ್ತಿತ್ತು. ನಾನು ಇನ್ನೂ ಎರಡು ತಿಂಗಳು ಎಲ್ಲರ ಮಧ್ಯೆ ಕೆಮ್ಮಿಕೊಂಡು ಓಡಾಡುತ್ತಿದ್ದೆ.

ಪರೀಕ್ಷೆ ಮಾಡಿದ್ದು ಜೀನ್‌ಎಕ್ಸ್‌ಪರ್ಟ್ ಅನ್ನುವ ಯಂತ್ರದಲ್ಲಿ. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಿ ಅಂತ ಹೇಳಿತು. ಸುಮಾರು ಎರಡು ಗಂಟೆಯಲ್ಲಿ ಎರಡು ವಿಷಯ ಹೇಳುತ್ತದೆ: ಟಿಬಿ ಇದೆಯೋ ಇಲ್ಲವೋ, ಇದ್ದರೆ ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಿಗೆ ಬಗ್ಗುತ್ತದೋ ಇಲ್ಲವೋ. ನನ್ನದು ಬಗ್ಗುವ ಜಾತಿಯದು. ಸಿಸ್ಟರ್ ಇದನ್ನು ಹೇಳುವಾಗ ನಕ್ಕರು. ಟಿಬಿ ಇದೆ ಅಂತ ಹೇಳಿ ನಗುತ್ತಾರಲ್ಲ ಅನಿಸಿತ್ತು. ಅದು ಎಂಥ ಒಳ್ಳೆ ಸುದ್ದಿ ಅಂತ ತಿಳಿಯುವಷ್ಟು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಬಂದದ್ದೇ ರಿಜಿಸ್ಟರ್, ಪೆನ್ನು, ಆ ಪ್ರಶ್ನೆ.

ಮನೆ ಆದ ಮೇಲೆ ಆಫೀಸಿನ ಸರದಿ. ಎಷ್ಟು ಜನ ಒಂದೇ ರೂಮಲ್ಲಿ ಕೂರ್ತೀರಿ? ಕಿಟಕಿ ತೆರೆದಿರುತ್ತಾ? ದಿನಕ್ಕೆ ಎಷ್ಟು ಗಂಟೆ? ಕಳೆದ ಮೂರು ತಿಂಗಳಲ್ಲಿ ಯಾರ ಜೊತೆ ಜಾಸ್ತಿ ಹೊತ್ತು ಕಳೆದಿದ್ದೀರಿ? ನನ್ನ ಏಳು ವಾರಗಳನ್ನು ಅವರು ಒಂದೊಂದಾಗಿ ಬಿಡಿಸಿ ಕೇಳಿದರು. ಹೇಳುತ್ತಾ ಹೋದ ಹಾಗೆ ನನ್ನ ದನಿ ಸಣ್ಣಗಾಯಿತು. ಒಂಬತ್ತು ಜನ ಕೂರುವ ಮುಚ್ಚಿದ ರೂಮು, ಏಸಿಗೋಸ್ಕರ ಕಿಟಕಿ ಹಾಕಿಯೇ ಇರುತ್ತಿತ್ತು. ರಾತ್ರಿ ಊಟ ಆದ ಮೇಲೆ ಅಣ್ಣನ ಮಗಳು ನನ್ನ ತೊಡೆ ಮೇಲೆ ಕೂತು ಕಥೆ ಹೇಳಿಸಿಕೊಳ್ಳುತ್ತಿದ್ದಳು. ಕಥೆಯ ಮಧ್ಯೆ ನಾನು ಕೆಮ್ಮಿದರೆ ಬೆನ್ನು ತಟ್ಟುತ್ತಿದ್ದಳು.

"ಇದು ಗಾಳಿಯಲ್ಲಿ ಹೋಗೋ ಕಾಯಿಲೆ ಸರ್" ಅಂದರು ಸಿಸ್ಟರ್. ಕೆಮ್ಮಿದಾಗ, ಮಾತಾಡಿದಾಗ ಹೊರಬೀಳುವ ತೀರಾ ಸಣ್ಣ ಹನಿಗಳು ಗಾಳಿಯಲ್ಲೇ ಒಣಗಿ ಗಂಟೆಗಟ್ಟಲೆ ತೇಲುತ್ತವೆ. ಗಾಳಿ ಆಡದ ರೂಮಿನಲ್ಲಿ ಅವು ಅಲ್ಲೇ ಉಳಿಯುತ್ತವೆ. ಕಿಟಕಿ ತೆರೆದರೆ ಚದುರಿಹೋಗುತ್ತವೆ, ಬಿಸಿಲು ಬಿದ್ದರೆ ಸಾಯುತ್ತವೆ. ತಟ್ಟೆ, ಲೋಟ, ಬಟ್ಟೆ, ಕೈಕುಲುಕುವುದು ಇದರಿಂದ ಯಾವುದರಿಂದಲೂ ಹರಡುವುದಿಲ್ಲ. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಯಾಕೆ ಅಂತ ಮನೆಗೆ ಹೋದ ಮೇಲೆ ಗೊತ್ತಾಯಿತು.

ಮನೆಯಲ್ಲಿ ವಿಷಯ ಹೇಳಿದ ಸಂಜೆ ಯಾರೂ ಜಾಸ್ತಿ ಮಾತಾಡಲಿಲ್ಲ. ಅಮ್ಮ ಅತ್ತರು. ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ನನ್ನ ತಟ್ಟೆ ಲೋಟ ಬೇರೆ ಕಡೆ ಕೂತಿತ್ತು, ಅದರ ಮೇಲೆ ನೇಲ್ ಪಾಲಿಷ್‌ನಲ್ಲಿ ಒಂದು ಕೆಂಪು ಚುಕ್ಕೆ. ಅತ್ತಿಗೆ ಮೇಲೆ ನನಗೆ ಕೋಪ ಬರಲಿಲ್ಲ. ನಾಲ್ಕು ವರ್ಷದ ಮಗುವಿನ ತಾಯಿ ಹೆದರದೆ ಇರುತ್ತಾಳಾ? ಆದರೆ ಆ ಕೆಂಪು ಚುಕ್ಕೆ ಕೆಮ್ಮಿಗಿಂತ ಜಾಸ್ತಿ ನೋಯಿಸಿತು.

ಎರಡು ದಿನ ಬಿಟ್ಟು ಸಿಸ್ಟರ್ ಮನೆಗೇ ಬಂದರು. ಯೂನಿಫಾರ್ಮ್ ಹಾಕಿರಲಿಲ್ಲ. ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ಹಾಗೇ ಬರುತ್ತಾರಂತೆ. ಬಂದವರೇ ಮೊದಲು ಮಾಡಿದ ಕೆಲಸ, ನನ್ನ ರೂಮಿನ ಕಿಟಕಿಯ ಚಿಲಕ ತೆಗೆದು ಎರಡೂ ಬಾಗಿಲು ತೆರೆದಿದ್ದು. ಆಮೇಲೆ ಅಡುಗೆಮನೆಯಲ್ಲಿ ನೀರು ಕೇಳಿದರು. ಅತ್ತಿಗೆ ಲೋಟ ತರುವಷ್ಟರಲ್ಲಿ, ಕೆಂಪು ಚುಕ್ಕೆ ಇದ್ದ ನನ್ನ ಲೋಟವನ್ನೇ ತಗೊಂಡು ತೊಳೆದು, ಅದರಲ್ಲೇ ನೀರು ಕುಡಿದರು. ಏನೂ ವಿವರಿಸಲಿಲ್ಲ. ಅತ್ತಿಗೆ ನೋಡುತ್ತಾ ನಿಂತಿದ್ದರು. ಮರುದಿನದಿಂದ ಆ ಲೋಟ ಎಲ್ಲ ಲೋಟಗಳ ಜೊತೆ ಸೇರಿತು.

ಅವರು ಮನೆಯ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದರು. ಕೆಮ್ಮು ಇದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತಾ. ಎಲ್ಲರಿಗೂ ಎಕ್ಸ್‌ರೇ ಬರೆದುಕೊಟ್ಟರು. ಸಕ್ಕರೆ ಕಾಯಿಲೆ ಇರುವವರಿಗೆ ಟಿಬಿ ಬರುವ ಅಪಾಯ ಎರಡು ಮೂರು ಪಟ್ಟು ಜಾಸ್ತಿ, ಅದಕ್ಕೆ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿ ಅಂದರು. ಅಮ್ಮನಿಗೆ ಟಿಬಿ ಇರಲಿಲ್ಲ. ಸಕ್ಕರೆ ಕಾಯಿಲೆ ಇತ್ತು. ಎಷ್ಟು ವರ್ಷದಿಂದ ಇತ್ತೋ, ಯಾರಿಗೂ ಗೊತ್ತಿರಲಿಲ್ಲ. ನನ್ನ ಕೆಮ್ಮಿನ ಬೆನ್ನು ಹತ್ತಿ ಬಂದವರು ಅಮ್ಮನ ಕಾಯಿಲೆ ಹಿಡಿದರು. ಅಮ್ಮನ ಕಾಲಿನ ಉರಿ, ಪದೇಪದೇ ಬಾಯಾರಿಕೆ ಎಲ್ಲದಕ್ಕೂ ವಯಸ್ಸು ಕಾರಣ ಅಂತ ನಾವು ಅಂದುಕೊಂಡಿದ್ದೆವು.

ಮಗುವಿಗೆ ಚರ್ಮದ ಪರೀಕ್ಷೆ. ಇದನ್ನು ನಾನು ಹತ್ತಿರದಿಂದ ನೋಡಿದೆ. ಮುಂಗೈಯ ಒಳಭಾಗದಲ್ಲಿ, ಚರ್ಮದ ಪದರದೊಳಗೇ ಉಳಿಯುವ ಹಾಗೆ, ತೀರಾ ಸಣ್ಣ ಸೂಜಿಯಲ್ಲಿ 0.1 ಮಿಲಿ ದ್ರವ ಬಿಡುತ್ತಾರೆ. ಅಲ್ಲಿ ಒಂದು ಬೆಳ್ಳನೆಯ ಗುಳ್ಳೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ನೋಡಬೇಕಾದ್ದು 48ರಿಂದ 72 ಗಂಟೆ ಆದ ಮೇಲೆ. ಅಷ್ಟು ಹೊತ್ತು ನಾನು ನಿದ್ದೆ ಮಾಡಿದ್ದು ಕಡಿಮೆ.

ಮೂರನೇ ದಿನ ಆರೋಗ್ಯ ಕೇಂದ್ರದಲ್ಲಿ ಮಗುವಿನ ಕೈ ನೋಡಿದರೆ ಕೆಂಪಗೆ ಅಗಲವಾಗಿತ್ತು. ನನ್ನ ಎದೆ ಧಸಕ್ ಎಂದಿತು. ಸಿಸ್ಟರ್ "ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿಯಾಗಿರೋದು ಎಷ್ಟಿದೆ ಅಂತ ನೋಡ್ಬೇಕು" ಅಂದರು. ಬೆರಳ ತುದಿಯಿಂದ ಮೆಲ್ಲಗೆ ಸವರಿದರು. ಒಂದು ಬಾಲ್‌ಪೆನ್ ತಗೊಂಡು ಕೆಂಪಿನ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಗೆರೆ ಎಳೆದರು. ಒಂದು ಕಡೆ ಪೆನ್ನು ತಡೆಯಿತು, ಅಲ್ಲಿ ನಿಲ್ಲಿಸಿದರು. ಆ ಕಡೆಯಿಂದಲೂ ಹಾಗೇ. ಎರಡು ಗೆರೆಗಳ ತುದಿಗಳ ನಡುವೆ ಪಾರದರ್ಶಕ ಸ್ಕೇಲ್ ಇಟ್ಟರು. ಮಗು ಉಸಿರು ಬಿಗಿಹಿಡಿದು ನೋಡುತ್ತಿತ್ತು. 12 ಮಿಲಿಮೀಟರ್.

ಅಂದರೆ ರೋಗಾಣು ಮಗುವಿನ ಮೈಯೊಳಗೆ ಹೋಗಿತ್ತು.

ಎಕ್ಸ್‌ರೇ ಸ್ವಚ್ಛವಾಗಿತ್ತು. ಕೆಮ್ಮಿಲ್ಲ, ಜ್ವರವಿಲ್ಲ, ಆಡಿಕೊಂಡಿದ್ದಳು. ಡಾಕ್ಟರ್ ಮೇಡಂ ಅಣ್ಣ ಅತ್ತಿಗೆಯನ್ನು ಕೂರಿಸಿ ವಿವರಿಸಿದರು. ರೋಗಾಣು ಒಳಗೆ ಮಲಗಿರುವುದು ಬೇರೆ, ರೋಗ ಬರುವುದು ಬೇರೆ. ಪ್ರಪಂಚದ ಸುಮಾರು ಕಾಲುಭಾಗ ಜನರ ಮೈಯೊಳಗೆ ಇದು ಹೊಕ್ಕಿದೆ ಅನ್ನುತ್ತಾರೆ. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು 100ಕ್ಕೆ 5ರಿಂದ 10 ಜನ. ಉಳಿದವರಿಗೆ ಏನೂ ಆಗುವುದಿಲ್ಲ. ಆದರೆ ಐದು ವರ್ಷದೊಳಗಿನ ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ರೋಗ ಬೇಗ ಏಳುತ್ತದೆ, ಮೆದುಳಿನ ಪೊರೆಗೂ ಹೋಗಬಹುದು. ರಿಜಿಸ್ಟರಿನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದದ್ದು ಅದಕ್ಕೇ.

ಮಗುವಿಗೆ ಮೂರು ತಿಂಗಳು ದಿನಾ ಮಾತ್ರೆ ಅಂತಾಯಿತು. ನೀರಿನಲ್ಲಿ ಕರಗುವ ಮಾತ್ರೆ, ಎರಡು ಔಷಧಿ ಸೇರಿಸಿ ಮಾಡಿದ್ದು. ಅತ್ತಿಗೆ ಒಪ್ಪಲಿಲ್ಲ. "ಕಾಯಿಲೆಯೇ ಇಲ್ಲ ಅಂತೀರಿ, ಮತ್ತೆ ಮಾತ್ರೆ ಯಾಕೆ ಮೇಡಂ?" ಅಂದರು. ನ್ಯಾಯವಾದ ಪ್ರಶ್ನೆ ಅಲ್ವಾ? ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ಔಷಧಿ ಕುಡಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತದೆ? ಡಾಕ್ಟರ್ ಮೇಡಂ ಅವಸರ ಮಾಡಲಿಲ್ಲ. ಈಗ ಮಾತ್ರೆ ಕೊಟ್ಟರೆ ಏನು ಆಗದೇ ಇರುತ್ತದೆ ಅನ್ನುವುದನ್ನು ಹೇಳಿದರು. ಮಾತ್ರೆಯಿಂದ ಏನಾಗಬಹುದು ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಅತ್ತಿಗೆ ಆ ರಾತ್ರಿ ಅಣ್ಣನ ಜೊತೆ ಬಹಳ ಹೊತ್ತು ಮಾತಾಡಿದರು. ಬೆಳಗ್ಗೆ ಮೊದಲ ಮಾತ್ರೆಯನ್ನು ಅವರೇ ಕರಗಿಸಿ ಕುಡಿಸಿದರು.

ನನ್ನದು ದೊಡ್ಡ ಮಾತ್ರೆಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ನಾಲ್ಕೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ದಿನಕ್ಕೆ ಎಷ್ಟು ನುಂಗಬೇಕು ಅನ್ನುವುದು ತೂಕ ನೋಡಿ. ಆಮೇಲಿನ ನಾಲ್ಕು ತಿಂಗಳು ಔಷಧಿ ಕಡಿಮೆಯಾಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ. ಮೊದಲ ಎರಡು ವಾರ ಹೊಟ್ಟೆ ತೊಳಸುತ್ತಿತ್ತು, ಊಟ ಕಂಡರೆ ಬೇಡ ಅನಿಸುತ್ತಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ಪ್ರತಿ ಸಲ ಹೋದಾಗಲೂ ಸಿಸ್ಟರ್ ಒಂದು ಕೆಂಪು, ಒಂದು ಹಸಿರು ಪೆನ್ನು ಹಿಡಿದು ಯಾವುದು ಯಾವುದು ಅಂತ ಕೇಳುತ್ತಿದ್ದರು. ಎಥಾಂಬ್ಯುಟಾಲ್ ಕೆಲವರ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ, ಆಗ ಮೊದಲು ಮಸುಕಾಗುವುದು ಈ ಬಣ್ಣಗಳ ವ್ಯತ್ಯಾಸ. ಕಣ್ಣಿನ ಬಿಳಿ ಭಾಗ ಹಳದಿಯಾಗಿದೆಯಾ ಅಂತ ಕಿಟಕಿ ಹತ್ತಿರ ನಿಲ್ಲಿಸಿ ನೋಡುತ್ತಿದ್ದರು, ಅದು ಲಿವರ್‌ಗೋಸ್ಕರ.

ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ಮಗುವಿನ ಮಾತ್ರೆಯಲ್ಲೂ ಅದೇ ಔಷಧಿ ಇತ್ತು. ಒಂದು ಬೆಳಗ್ಗೆ ಬಚ್ಚಲಿನಿಂದ ಓಡಿಬಂದು "ಚಿಕ್ಕಪ್ಪಾ, ನಂದೂ ಕಿತ್ತಳೆ ಬಣ್ಣ!" ಅಂತ ಕೂಗಿದಳು. ಅತ್ತಿಗೆ ನಕ್ಕರು. ಒಂದು ತಿಂಗಳಲ್ಲಿ ಅವರು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು.

ಎರಡು ವಾರ ನಾನು ರೂಮಿನಲ್ಲೇ ಇದ್ದೆ. ಸರಿಯಾದ ಔಷಧಿ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ಇನ್ನೊಬ್ಬರಿಗೆ ಹರಡುವುದು ತೀರಾ ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ಟಿಬಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ರಾಬರ್ಟ್ ಕಾಕ್ ಈ ರೋಗಾಣುವನ್ನು ಕಂಡುಹಿಡಿದೆ ಅಂತ ಬರ್ಲಿನ್‌ನಲ್ಲಿ ಹೇಳಿದ್ದು 1882ರ ಮಾರ್ಚ್ 24ರಂದು. ಅದಾಗಿ 60 ವರ್ಷ ಇದಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಟಿಬಿ ಸಾವು ಔಷಧಿ ಬರುವ ಎಷ್ಟೋ ದಶಕ ಮುಂಚೆಯೇ ಇಳಿಯುತ್ತಾ ಬಂದಿತ್ತು. ಯಾವುದು ಎಷ್ಟು ಕೆಲಸ ಮಾಡಿತು ಅಂತ ವಿದ್ವಾಂಸರು ಈಗಲೂ ವಾದ ಮಾಡುತ್ತಾರೆ. ಹೊಟ್ಟೆ ತುಂಬ ಊಟ, ಇಕ್ಕಟ್ಟಿಲ್ಲದ ಮನೆ, ರೋಗಿಗಳನ್ನು ಬೇರೆ ಇಡುವುದು. ಮಾತ್ರೆ ಬಾಯಿಗೆ ಬರುವ ಮೊದಲೇ ಇವೆಲ್ಲ ಜನರನ್ನು ಉಳಿಸುತ್ತಿದ್ದವು.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮದ್ರಾಸಿನ ಅಧ್ಯಯನ. 1956ರಲ್ಲಿ ಶುರುವಾಗಿದ್ದು. ಆಗೆಲ್ಲ ಟಿಬಿ ಬಂದವರನ್ನು ಸ್ಯಾನಿಟೋರಿಯಂ ಅನ್ನುವ ಟಿಬಿ ಆಸ್ಪತ್ರೆಗೆ ಸೇರಿಸಬೇಕು, ಒಳ್ಳೆ ಗಾಳಿ, ಒಳ್ಳೆ ಊಟ, ಹಾಸಿಗೆಯಲ್ಲಿ ವಿಶ್ರಾಂತಿ ಬೇಕೇ ಬೇಕು ಅಂತ ನಂಬಿದ್ದರು. ಅಷ್ಟು ಹಾಸಿಗೆ ಎಲ್ಲಿಂದ ತರುವುದು? ಒಂದು ಗುಂಪಿನ ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿ ಇಟ್ಟರು, ಇನ್ನೊಂದು ಗುಂಪಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಮಾತ್ರೆ ಕೊಟ್ಟರು. ಒಂದು ವರ್ಷ ಆದ ಮೇಲೆ ನೋಡಿದರೆ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ಥರ ವಾಸಿಯಾಗಿತ್ತು. ಮನೆಯವರನ್ನು ಐದು ವರ್ಷ ಗಮನಿಸಿದರು. ಮನೆಯಲ್ಲೇ ಇದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚಿಗೆ ಟಿಬಿ ಬರಲಿಲ್ಲ.

ನಾನು ಆ ಸಾಲನ್ನು ಎರಡು ಮೂರು ಸಲ ಓದಿದೆ. ಹರಡುವುದೆಲ್ಲ ಹೆಚ್ಚಾಗಿ ಔಷಧಿ ಶುರುವಾಗುವ ಮೊದಲೇ ಆಗಿಹೋಗಿರುತ್ತದೆ. ಕಾಯಿಲೆ ಗೊತ್ತಿಲ್ಲದೆ ಕೆಮ್ಮಿಕೊಂಡು ಓಡಾಡಿದ ದಿನಗಳಲ್ಲಿ. ನನ್ನ ಮಟ್ಟಿಗೆ ಅದು ಏಳು ವಾರ. ಸಿಸ್ಟರ್ ಕೇಳುತ್ತಿದ್ದದ್ದೆಲ್ಲ ಆ ಏಳು ವಾರಗಳ ಬಗ್ಗೆ. ಡಾಕ್ಟರಿಗೆ ನನ್ನ ಎದೆ ಮುಖ್ಯ. ಸಿಸ್ಟರಿಗೆ ನನ್ನ ಎದೆಯೂ ಮುಖ್ಯ, ನಾನು ಉಸಿರಾಡಿದ ರೂಮುಗಳೂ ಮುಖ್ಯ, ಆ ರೂಮುಗಳಲ್ಲಿ ನನ್ನ ಜೊತೆ ಉಸಿರಾಡಿದವರೂ ಮುಖ್ಯ. ನನ್ನ ಸಿಟ್ಟು ಪೂರ್ತಿ ಇಳಿದಿದ್ದು ಆ ರಾತ್ರಿ.

ಆಫೀಸಿನವರಿಗೆ ಆರೋಗ್ಯ ಕೇಂದ್ರದವರು ನನ್ನ ಹೆಸರು ಹೇಳಲಿಲ್ಲ. "ನಿಮ್ಮ ರೂಮಿನಲ್ಲಿ ಕೂರುವ ಒಬ್ಬರಿಗೆ ಟಿಬಿ ಇದೆ, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ" ಅಷ್ಟೇ. ರಜೆಯಲ್ಲಿದ್ದವನು ನಾನೊಬ್ಬನೇ ಆದ್ದರಿಂದ ಯಾರಿಗೂ ಗೊತ್ತಾಗದೆ ಇರಲಿಲ್ಲ. ನಾನೇ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಇಬ್ಬರು ಸಮಾಧಾನ ಮಾಡಿದರು. ಒಬ್ಬರು ಫೋನ್ ಇಟ್ಟುಬಿಟ್ಟರು. ನನ್ನ ಪಕ್ಕದ ಮೇಜಿನ ಗೆಳೆಯ "ಆಯ್ತು ಮಾರಾಯ, ನಾಳೇನೇ ಹೋಗ್ತೀನಿ" ಅಂದ.

ಅವನಿಗೆ ಇತ್ತು. ಕೆಮ್ಮು ಸ್ವಲ್ಪವೇ, ಬೇರೇನೂ ಗೊತ್ತಾಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ಒಂದು ಸಣ್ಣ ಮಸುಕು, ಕಫದಲ್ಲಿ ರೋಗಾಣು. ಅವನಿಗೆ ಹೇಗೆ ಮುಖ ತೋರಿಸಲಿ ಅಂತ ನಾನು ಒದ್ದಾಡುತ್ತಿದ್ದರೆ, ಅವನೇ ಮನೆಗೆ ಬಂದು ಕಿಟಕಿಯ ಹೊರಗಿನ ಕಟ್ಟೆ ಮೇಲೆ ಕೂತ. "ನಿನ್ನಿಂದ ನಂಗೆ ಬಂತೋ, ನನ್ನಿಂದ ನಿಂಗೆ ಬಂತೋ, ಯಾರಿಗೆ ಗೊತ್ತು? ನೀನು ಹೇಳದೆ ಇದ್ದಿದ್ರೆ ನಾನು ಇನ್ನೂ ಮೂರು ತಿಂಗಳು ಸಿರಪ್ ಕುಡೀತಾ ಇರ್ತಿದ್ದೆ. ನಮ್ಮನೇಲೂ ಕೂಸಿದೆ" ಅಂದ. ನನಗೆ ಮಾತು ಹೊರಡಲಿಲ್ಲ. ಅವನ ಮನೆಗೂ ಸಿಸ್ಟರ್ ಹೋದರು. ಅಲ್ಲೂ ಅದೇ ಪ್ರಶ್ನೆ ಕೇಳಿದರಂತೆ.

ನನಗೆ ಯಾರಿಂದ ಬಂತು ಅನ್ನುವುದು ಮಾತ್ರ ಕೊನೆಗೂ ತಿಳಿಯಲಿಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಒಳಗೆ ಹೋಗಿ ಮಲಗಿದ್ದದ್ದೂ ಈಗ ಏಳಬಹುದು.

ಮೂರನೇ ತಿಂಗಳ ಕಥೆಯನ್ನೂ ಹೇಳಬೇಕು. ಆಗ ನಾನು ಚೆನ್ನಾಗಿದ್ದೆ. ಕೆಮ್ಮಿಲ್ಲ, ಬೆವರಿಲ್ಲ, ಊಟ ರುಚಿಸುತ್ತಿತ್ತು. ಕೆಲಸದ ಮೇಲೆ ಬೇರೆ ಊರಿಗೆ ಹೋದವನು ಮಾತ್ರೆ ಮರೆತು ಬಂದಿದ್ದೆ. ಮೂರು ದಿನ ಹೋಯಿತು, ಏನೂ ಆಗಲಿಲ್ಲ. ಹೊಟ್ಟೆ ತೊಳಸದೆ ಹಾಯಾಗಿತ್ತು. ವಾಪಸ್ ಬಂದ ಮೇಲೂ ಇನ್ನೆರಡು ದಿನ ಬಿಟ್ಟೆ. ಒಟ್ಟು ಐದು ದಿನ. ಮಾತ್ರೆ ಮುಗಿಯುವ ದಿನ ನಾನು ಹೋಗದೇ ಇದ್ದದ್ದು ನೋಡಿ ಸಿಸ್ಟರ್ ಬಂದರು. ಮಾತ್ರೆಯ ಪಟ್ಟಿ ತೋರಿಸಿ ಅಂದರು. ತೋರಿಸಿದೆ. ಎಣಿಸಿದರು. ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

"ಯಾಕೆ ಬಿಟ್ರಿ ಸರ್? ಹೊಟ್ಟೆ ಕೆಡ್ತಾ ಇತ್ತಾ?"

"ಹೂಂ ಸಿಸ್ಟರ್. ಜೊತೆಗೆ, ವಾಸಿಯಾಯ್ತಲ್ಲ ಅನ್ನಿಸ್ತು."

ಅವರು ಕೂತು ವಿವರಿಸಿದರು. ಸಾಮಾನ್ಯ ರೋಗಾಣುಗಳು ಅರ್ಧ ಗಂಟೆಯೊಳಗೆ ಒಂದಕ್ಕೆ ಎರಡಾಗುತ್ತವೆ. ಟಿಬಿಯದ್ದು ಎರಡಾಗಲು ಹೆಚ್ಚು ಕಡಿಮೆ ಒಂದು ದಿನವೇ ತಗೊಳ್ಳುತ್ತದೆ. ಔಷಧಿಗಳು ಹೆಚ್ಚಾಗಿ ಬೆಳೆಯುತ್ತಿರುವ ರೋಗಾಣುವನ್ನು ಕೊಲ್ಲುತ್ತವೆ. ಬೆಳೆಯದೆ ಸುಮ್ಮನೆ ಮಲಗಿರುವ ಕೆಲವು ಇರುತ್ತವೆ, ಅವು ಒಂದೊಂದಾಗಿ ಸಿಕ್ಕಿ ಸಾಯಬೇಕಾದರೆ ಅಷ್ಟು ತಿಂಗಳು ಬೇಕು. ಮಧ್ಯೆ ಬಿಟ್ಟರೆ, ಔಷಧಿಯನ್ನು ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಆಮೇಲೆ ಇದೇ ಮಾತ್ರೆ ನನಗೂ ನಾಟುವುದಿಲ್ಲ, ನನ್ನಿಂದ ಹರಡಿಸಿಕೊಂಡವರಿಗೂ ನಾಟುವುದಿಲ್ಲ. ನನ್ನ ಫಲಿತಾಂಶ ಹೇಳುವಾಗ ಅವರು ನಕ್ಕಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಇದು ಹೊಸ ಪಾಠವೇನೂ ಅಲ್ಲ. ಬ್ರಿಟನ್‌ನಲ್ಲಿ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಫಲಿತಾಂಶ ಬಂದದ್ದು 1948ರಲ್ಲಿ. ಔಷಧಿ ಕೊಟ್ಟ 55 ಜನರಲ್ಲಿ ಆರು ತಿಂಗಳಲ್ಲಿ ಸತ್ತವರು 4, ಕೊಡದ 52 ಜನರಲ್ಲಿ 14. ಎಂಥ ಸಂತೋಷದ ಸುದ್ದಿ ಅಲ್ವಾ? ಆದರೆ ಔಷಧಿ ತಗೊಂಡವರಲ್ಲಿ ಬಹಳ ಜನರಿಗೆ ಕೆಲವೇ ತಿಂಗಳಲ್ಲಿ ಅದು ನಾಟದಂತಾಯಿತು. ಒಂದೇ ಔಷಧಿ ಸಾಲದು, ಎರಡು ಮೂರು ಒಟ್ಟಿಗೆ ಕೊಡಬೇಕು ಅಂತ ಕಲಿತದ್ದು ಹಾಗೆ. ನನ್ನ ಮಾತ್ರೆಯಲ್ಲಿ ನಾಲ್ಕು ಔಷಧಿ ಒಟ್ಟಿಗೆ ಇದ್ದದ್ದು ಆ ಜನರ ಕಷ್ಟದಿಂದ ಬಂದದ್ದು. ನಾನು ಬಿಟ್ಟ ಐದು ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಿಸ್ಟರ್ ಡಾಕ್ಟರ್ ಮೇಡಂ ಹತ್ತಿರ ಮಾತಾಡಿ ಹೊಟ್ಟೆಗೆ ಬೇರೆ ಮಾತ್ರೆ ಕೊಡಿಸಿದರು. ಬಿಟ್ಟ ದಿನಗಳನ್ನು ಕೊನೆಗೆ ಸೇರಿಸಿದರು. ಅಂದಿನಿಂದ ನಾನು ಮಾತ್ರೆ ನುಂಗಿ ಅಣ್ಣನ ಮಗಳಿಗೆ ಖಾಲಿ ಪಟ್ಟಿ ತೋರಿಸುತ್ತಿದ್ದೆ. ಅವಳು ಗೋಡೆಯ ಕ್ಯಾಲೆಂಡರ್‌ನಲ್ಲಿ ಎರಡು ಗುರುತು ಹಾಕುತ್ತಿದ್ದಳು, ನನ್ನದೊಂದು, ಅವಳದೊಂದು. ಅವಳ ಮೂರು ತಿಂಗಳು ಮುಗಿದ ಮೇಲೂ ನನ್ನ ಗುರುತು ಅವಳೇ ಹಾಕುತ್ತಿದ್ದಳು. ಅವಳು ಇದ್ದದ್ದಕ್ಕೆ ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ಊಟದ ವಿಷಯದಲ್ಲೂ ಸಿಸ್ಟರ್ ಬಿಡುತ್ತಿರಲಿಲ್ಲ. ಪ್ರತಿ ತಿಂಗಳೂ ತೂಕದ ಯಂತ್ರ. 47 ಕಿಲೋದಿಂದ ಶುರುವಾಗಿದ್ದೆ. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಆಹಾರ ಕೊಟ್ಟು ನೋಡಿದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ, 10,000ಕ್ಕೂ ಜಾಸ್ತಿ ಮನೆಮಂದಿ ಅದರಲ್ಲಿ ಇದ್ದರು. ಆಹಾರ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಬರೀ ಊಟದಿಂದ! ಲಸಿಕೆಯಲ್ಲ, ಹೊಸ ಔಷಧಿಯಲ್ಲ. ಇದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. 2023ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 8 ಲಕ್ಷ ಜನ ಟಿಬಿಗೆ ಬಿದ್ದರು, 12.5 ಲಕ್ಷ ಜನ ಸತ್ತರು. ವಾಸಿಯಾಗುವ ಕಾಯಿಲೆಯಿಂದ. ಅವರಲ್ಲಿ ಎಷ್ಟು ಜನರ ಮನೆಗೆ ಯಾರೂ ಹೋಗಿ ಕಿಟಕಿ ತೆರೆಯಲಿಲ್ಲವೋ, ಎಷ್ಟು ಜನರ ತೂಕ ಯಾರೂ ನೋಡಲಿಲ್ಲವೋ.

ಐದನೇ ತಿಂಗಳಲ್ಲಿ ಆಫೀಸಿಗೆ ಹೋದಾಗ ನಮ್ಮ ರೂಮಿನ ಕಿಟಕಿಗಳು ತೆರೆದಿದ್ದವು. ಏಸಿ ನಿಂತಿತ್ತು, ಫ್ಯಾನ್ ತಿರುಗುತ್ತಿತ್ತು. ಕಾಗದಗಳು ಹಾರದಿರಲಿ ಅಂತ ಎಲ್ಲರ ಮೇಜಿನ ಮೇಲೂ ಏನಾದರೊಂದು ಭಾರ ಇಟ್ಟಿದ್ದರು. ಅವತ್ತು ಫೋನ್ ಇಟ್ಟುಬಿಟ್ಟವರು ಎದ್ದುಬಂದು ಕೈ ಕುಲುಕಿದರು.

ಆರನೇ ತಿಂಗಳ ಕೊನೆಗೆ ಮತ್ತೆ ಅದೇ ಡಬ್ಬಿ, ಅದೇ ಬಯಲು. ಈ ಸಲ ಎಷ್ಟು ಕೆಮ್ಮಿದರೂ ಕಫವೇ ಬರಲಿಲ್ಲ. ಬಹಳ ಹೊತ್ತು ನಿಂತು ಸ್ವಲ್ಪ ತೆಗೆದುಕೊಟ್ಟೆ. ರೋಗಾಣು ಇರಲಿಲ್ಲ. ತೂಕ 55.

ಸಿಸ್ಟರ್ ರಿಜಿಸ್ಟರ್ ತೆರೆದರು. ನನ್ನ ಸಾಲಿನ ಕೊನೆಯ ಚೌಕದಲ್ಲಿ 'ಗುಣಮುಖ' ಅಂತ ಬರೆದು ತಾರೀಖು ಹಾಕಿದರು. ನನಗೆ ಕಣ್ಣು ತುಂಬಿ ಬಂತು. ಕೈ ಮುಗಿದೆ, ಹೊರಡಲು ಎದ್ದೆ.

"ಒಂದ್ನಿಮಿಷ ಕೂತ್ಕೊಳ್ಳಿ ಸರ್" ಅಂದರು. ಪುಟ ತಿರುಗಿಸಿದರು. ಅಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಮಗು, ನಾಲ್ಕು ಸಾಲುಗಳು. ಪ್ರತಿ ಸಾಲಿನ ಮುಂದೆ ಇನ್ನೂ ತುಂಬಬೇಕಾದ ಖಾಲಿ ಚೌಕಗಳು, ಎರಡು ವರ್ಷದವರೆಗಿನವು. ಈ ತಿಂಗಳ ಚೌಕಗಳ ಮೇಲೆ ಪೆನ್ನು ಇಟ್ಟು ಕೇಳಿದರು:

"ಅಮ್ಮನ ಸಕ್ಕರೆ ಎಷ್ಟಿದೆ ಈಗ? ಮಗು ಹೇಗಿದಾಳೆ? ಮುಂದಿನ ಸಲ ಕರ್ಕೊಂಡು ಬನ್ನಿ, ತೂಕ ನೋಡೋಣ."